ಪುಲ್ ರಿಕ್ವೆಸ್ಟ್‌ನಲ್ಲಿ ಹಳೆಯ ಕಮಿಟ್‌ಗಳೂ ಬರ್ತಿವೆ

ಪ್ರಶ್ನೆ: ಗಿಟ್‌ (ಕೋಡ್ ಬದಲಾವಣೆಗಳ ದಾಖಲೆ ಇಡುವ ಸಾಧನ) ಬಳಸ್ತಿದ್ದೀನಿ. ನನ್ನ ಫೋರ್ಕ್‌ನ (ಮೂಲ ಪ್ರಾಜೆಕ್ಟ್‌ನ ನನ್ನ ಪ್ರತಿ) ಮೇನ್ ಬ್ರ್ಯಾಂಚ್‌ನಲ್ಲೇ (ಮುಖ್ಯ ಕವಲು) ಮಾಡಿದ್ದ ತಿದ್ದುಪಡಿ ಅಪ್‌ಸ್ಟ್ರೀಮ್‌ನಲ್ಲಿ (ಮೂಲ ಪ್ರಾಜೆಕ್ಟ್) ಸ್ಕ್ವಾಶ್ ಆಗಿ (ಹಲವು ಕಮಿಟ್, ಅಂದರೆ ದಾಖಲಾದ ಬದಲಾವಣೆಗಳು, ಒಂದಾಗಿ) ಮರ್ಜ್ ಆಯ್ತು. ಅದೇ ಮೇನ್‌ನಿಂದ 'ಫಿಕ್ಸ್-2' ಬ್ರ್ಯಾಂಚ್ ತೆಗೆದರೆ, ಹೊಸ ಪುಲ್ ರಿಕ್ವೆಸ್ಟ್‌ನಲ್ಲಿ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಹಳೆಯ 3 ಕಮಿಟ್‌ಗಳೂ ಕಾಣಿಸ್ತಿವೆ. ತೆಗೆಯೋದು ಹೇಗೆ?

ಉತ್ತರ 1: ಸ್ಕ್ವಾಶ್ ಮಾಡಿದಾಗ ಹೊಸ ಹ್ಯಾಶ್ (ಕಮಿಟ್‌ನ ಗುರುತು) ಇರುವ ಒಂದೇ ಕಮಿಟ್ ಹುಟ್ಟುತ್ತೆ. ಹಾಗಾಗಿ ನಿಮ್ಮ ಹಳೆಯ ಮೂರೂ ಗಿಟ್ ಲೆಕ್ಕದಲ್ಲಿ ಇನ್ನೂ ಸೇರದವೇ. ಮೊದಲು 'ಗಿಟ್ ಫೆಚ್ ಅಪ್‌ಸ್ಟ್ರೀಮ್', ಆಮೇಲೆ ಕಮಿಟ್‌ಗಳನ್ನು ಬೇರೆ ಬುಡಕ್ಕೆ ಸರಿಸುವ 'ಗಿಟ್ ರೀಬೇಸ್ --ಆಂಟು ಅಪ್‌ಸ್ಟ್ರೀಮ್/ಮೇನ್ ಮೇನ್ ಫಿಕ್ಸ್-2'. ಲೋಕಲ್ ಮೇನ್ ಆದಮೇಲಿನ ಕಮಿಟ್‌ಗಳಷ್ಟೇ ಹೊಸ ಬುಡಕ್ಕೆ ಹೋಗುತ್ತವೆ. ಅದಕ್ಕೂ ಮುಂಚೆ ಲೋಕಲ್ ಮೇನ್ ಅನ್ನು ಅಪ್‌ಸ್ಟ್ರೀಮ್/ಮೇನ್‌ಗೆ ರೀಸೆಟ್ ಮಾಡಬೇಡಿ ದಯವಿಟ್ಟು, ಆ ಗಡಿಯೇ ಅಳಿಸಿಹೋಗುತ್ತೆ.

ಉತ್ತರ 2: ರೀಬೇಸ್ ಕಮಿಟ್‌ಗಳನ್ನೇ ಬದಲಿಸುವುದರಿಂದ ಫೋರ್ಕ್‌ಗೆ ಒತ್ತಾಯದಿಂದಲೇ ಪುಶ್ ಮಾಡಬೇಕು (ಕಳಿಸಬೇಕು). ಆ ಪುಶ್‌ಗೆ ಬರೀ '--ಫೋರ್ಸ್' ಬೇಡ, '--ಫೋರ್ಸ್-ವಿತ್-ಲೀಸ್' ಹಾಕಿ. ನಡುವೆ ಮೇಂಟೇನರ್ (ಪ್ರಾಜೆಕ್ಟ್ ನೋಡಿಕೊಳ್ಳುವವರು) ನಿಮ್ಮ ಬ್ರ್ಯಾಂಚ್‌ಗೆ ಕಮಿಟ್ ಸೇರಿಸಿದ್ದರೆ ಪುಶ್ ನಿಲ್ಲುತ್ತೆ. ಆದರೆ ಆಗಷ್ಟೇ ಒರಿಜಿನ್ (ನಿಮ್ಮ ಫೋರ್ಕ್) ಫೆಚ್ ಮಾಡಿದ್ದರೆ ಆ ರಕ್ಷಣೆ ಇಲ್ಲ.

ಉತ್ತರ 3: ಮುಂದಿನ ಬ್ರ್ಯಾಂಚ್ ಹೀಗೆ ತೆಗೆಯಿರಿ: 'ಗಿಟ್ ಸ್ವಿಚ್ -ಸಿ ಫಿಕ್ಸ್-3 ಅಪ್‌ಸ್ಟ್ರೀಮ್/ಮೇನ್'. ಲೋಕಲ್ ಮೇನ್ ಮುಟ್ಟೋದೇ ಬೇಡ.