ಮೊಸರಿನ ಕಪ್‌ನಲ್ಲಿ ಹಾಕಿದ ಟೊಮೆಟೊ ಸಸಿಗಳು ಬುಡ ಸಣ್ಣಗಾಗಿ ಬೀಳುತ್ತಿವೆ, ತೂತು ಮಾಡಿದ್ದೇನೆ!

ಮೂರನೇ ಮಹಡಿ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಮೂರನೇ ಮಹಡಿಯ ಮನೆ. ಪೂರ್ವಕ್ಕೆ ಬಾಲ್ಕನಿ, ಮೋಡ ಇಲ್ಲದಿದ್ದರೆ ಹತ್ತೂವರೆ ತನಕ ಬಿಸಿಲು. ಆರು ತಿಂಗಳಿಂದ 200 ಗ್ರಾಂ ಮೊಸರಿನ ಕಪ್‌ಗಳನ್ನು ತೊಳೆದು ಎತ್ತಿಟ್ಟಿದ್ದೆ. ಜೂನ್ ಕೊನೆಯಲ್ಲಿ 12 ಕಪ್‌ಗೆ ನಾಟಿ ಟೊಮೆಟೊ ಬೀಜ ಹಾಕಿದೆ. ಹಣ್ಣು ಹಿಂಡಿ, ಬೂದಿಯಲ್ಲಿ ಉಜ್ಜಿ, ನೆರಳಲ್ಲಿ ಒಣಗಿಸಿದ ಬೀಜ. ಕಪ್‌ಗೆ ಐದಾರು ಹಾಕಿದ್ದೆ, ಆರನೇ ದಿನಕ್ಕೆ ಹೆಚ್ಚುಕಮ್ಮಿ ಎಲ್ಲವೂ ಮೊಳೆತವು.

ತೊಂದರೆ ಶುರುವಾಗಿದ್ದು ಆಮೇಲೆ. ರಾತ್ರಿ ನೆಟ್ಟಗೆ ನಿಂತಿದ್ದು ಬೆಳಿಗ್ಗೆ ಅಡ್ಡ ಮಲಗಿರುತ್ತದೆ. ಎಲೆ ಹಸಿರಾಗಿಯೇ ಇದೆ. ಮಣ್ಣಿಗೆ ತಾಗುವ ಜಾಗದಲ್ಲಿ ಮಾತ್ರ ದಂಟು ನೂಲಿನ ಹಾಗೆ ಸಣ್ಣಗಾಗಿ ಕಂದು ಬಣ್ಣಕ್ಕೆ ತಿರುಗಿದೆ. ಈಗ ನಾಲ್ಕು ಕಪ್‌ನಲ್ಲಿ ಸಸಿ ಉಳಿದಿದೆ, ಅಷ್ಟೇ.

ಹಳೇ ಕುಂಡದ ಮಣ್ಣು ಅರ್ಧ, ಅಡುಗೆಮನೆ ಕಾಂಪೋಸ್ಟ್ ಅರ್ಧ. ನೀರು ದಿನಕ್ಕೊಂದು ಸಲ. ತಳಕ್ಕೆ ತೂತು ಮಾಡಿದ್ದೇನೆ, ಅದನ್ನೇ ಮೊದಲು ಕೇಳುತ್ತೀರಿ ಅಂತ ಗೊತ್ತು.

ಹಿತ್ತಲಗಿಡ:
ಬಾಲ್ಕನಿ ಗಾಳಿಗೆ ಕಪ್ ಬೇಗ ಒಣಗುತ್ತದೆ ಮೇಡಂ. ನೀರು ಎರಡು ಸಲ ಹಾಕಿ ನೋಡಿ. ಬುಡಕ್ಕೆ ಚೂರು ಅರಿಶಿನ ಉದುರಿಸಿ.

ಸಸಿಮಡಿ:
ದಯವಿಟ್ಟು ಎರಡು ಸಲ ಹಾಕಬೇಡಿ. ನಾನು ಕೋಲಾರದ ಕಡೆ ಸಸಿ ಮಾಡಿ ಮಾರುವವನು, ಈ ಕಾಯಿಲೆಯನ್ನು ಸಾಕಷ್ಟು ನೋಡಿದ್ದೇನೆ. ನೀರು ಸಾಲದಿದ್ದರೆ ಮೊದಲು ಎಲೆ ಜೋಲುತ್ತದೆ, ನೀರು ಬಿದ್ದ ಮೇಲೆ ಏಳುತ್ತದೆ. ಇಲ್ಲಿ ಎಲೆ ಹಸಿರು, ಬುಡ ಸತ್ತಿದೆ. ಇದು ಸಸಿ ಕೊಳೆ. ಮಣ್ಣಿನಲ್ಲೇ ಇರುವ ಪಿಥಿಯಂ, ರೈಜೋಕ್ಟೋನಿಯಾ ಅನ್ನುವ ಬೂಷ್ಟಿನ ಜಾತಿಗಳ ಕೆಲಸ. ಬಿದ್ದ ಸಸಿ ಮತ್ತೆ ಏಳುವುದಿಲ್ಲ. ಅರಿಶಿನದಿಂದ ಕೆಟ್ಟದ್ದೇನೂ ಆಗಲ್ಲ, ಆದರೆ ತಳದಲ್ಲಿ ನೀರು ನಿಂತಿದ್ದರೆ ಅದೇನು ಮಾಡೀತು?

ಮೂರು ವಿಷಯ ಹೇಳಿ. ಕಪ್‌ಗಳನ್ನು ಯಾವುದರ ಮೇಲೆ ಇಟ್ಟಿದ್ದೀರಿ? ಮೊಳೆಯಲಿ ಅಂತ ಏನಾದರೂ ಮುಚ್ಚಿದ್ದಿರಾ? ತೂತು ಎಷ್ಟು, ಎಲ್ಲಿ?

ಮೂರನೇ ಮಹಡಿ:
ಪ್ಲಾಸ್ಟಿಕ್ ಟ್ರೇ ಮೇಲೆ. ಕೆಳಗಿನ ಮನೆಯವರು ಒಣಹಾಕಿದ ಬಟ್ಟೆ ಮೇಲೆ ನೀರು ಬಿದ್ದರೆ ಜಗಳಕ್ಕೇ ಬರುತ್ತಾರೆ. ಮೇಲೆ ಪ್ಲಾಸ್ಟಿಕ್ ಕವರ್ ಹಾಕಿದ್ದೆ, ಮೊಳೆತ ಮೇಲೂ ನಾಲ್ಕು ದಿನ ಇತ್ತು, ಮಳೆ ಜೋರಾಗಿತ್ತಲ್ಲ. ತೂತು ಒಂದೇ. ದಬ್ಬಣ ಕಾಯಿಸಿ ತಳದ ಸರಿಯಾಗಿ ನಡುವೆ ಚುಚ್ಚಿದ್ದು.

ಸಸಿಮಡಿ:
ನಡುವೆ ಅಂದಿರಲ್ಲ, ತೊಂದರೆ ಅಲ್ಲೇ ಇದೆ ಅನ್ನಿಸುತ್ತದೆ. ಒಂದು ಖಾಲಿ ಕಪ್ ಬೋರಲು ಹಾಕಿ ತಳದ ಮೇಲೆ ಬೆರಳಾಡಿಸಿ. ತಳ ಚಪ್ಪಟೆ ಇರಲ್ಲ. ನಡುಭಾಗ ಒಳಕ್ಕೆ ಉಬ್ಬಿರುತ್ತದೆ, ಸುತ್ತಲಿನ ಅಂಚು ಕೆಳಗಿರುತ್ತದೆ. ನೀವು ತೂತು ಮಾಡಿರುವುದು ಗುಡ್ಡದ ತಲೆಯಲ್ಲಿ. ನೀರು ನಿಲ್ಲುವುದು ಸುತ್ತಲಿನ ಕಾಲುವೆಯಲ್ಲಿ. ಆ ತೂತು ಮಾಡಿದ ಕಪ್‌ಗೆ ಅರ್ಧ ನೀರು ಹಾಕಿ, ಪೂರ್ತಿ ಸೋರಲು ಬಿಟ್ಟು ನೋಡಿ.

ಮೂರನೇ ಮಹಡಿ:
ಅಯ್ಯೋ. ಸೋರುವುದು ನಿಂತ ಮೇಲೂ ಒಂದು ಚಮಚದಷ್ಟು ನೀರು ಉಂಗುರದ ಹಾಗೆ ಸುತ್ತ ನಿಂತಿದೆ! ಸಸಿ ಸತ್ತ ಕಪ್ ಒಂದನ್ನೂ ಬೋರಲು ಹಾಕಿದೆ. ಮೇಲೆ ಒಂದು ಬೆರಳು ಮಣ್ಣು ಪುಡಿಪುಡಿ ಇದೆ, ಕೆಳಗೆ ಕೆಸರು. ಚರಂಡಿ ವಾಸನೆ. ನಾನು ಮೇಲಿನ ಮಣ್ಣು ನೋಡಿ ಒಣಗಿದೆ ಅಂತ ದಿನಾ ನೀರು ಹಾಕುತ್ತಿದ್ದೆ.

ಸಸಿಮಡಿ:
ಹಾಗಿದ್ದರೆ ಸಿಕ್ಕಿತು. ಮೊದಲು ಉಳಿದ ನಾಲ್ಕು ಕಪ್ ನೋಡೋಣ. ಕೆಳ ಅಂಚಿನಲ್ಲಿ, ತಳವೂ ಪಕ್ಕವೂ ಸೇರುವ ಮೂಲೆಯಲ್ಲಿ, ಸುತ್ತ ನಾಲ್ಕು ತೂತು ಮಾಡಿ. ದಬ್ಬಣ ಸಾಲದು. ದಪ್ಪ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಕಾಯಿಸಿ, ಪೆನ್ಸಿಲ್‌ನ ಮುಕ್ಕಾಲು ದಪ್ಪಕ್ಕೆ ಬರಲಿ. ಕಿಟಕಿ ತೆಗೆದು ಮಾಡಿ, ಹೊಗೆ ಕೆಟ್ಟದ್ದು. ತೂತು ಪಕ್ಕದಲ್ಲಿದ್ದರೆ ಕಪ್ ಟ್ರೇ ಮೇಲೆ ಕೂತರೂ ಮುಚ್ಚಿಕೊಳ್ಳಲ್ಲ. ಟ್ರೇಯಲ್ಲಿ ಎರಡು ಹಳೇ ಸ್ಕೇಲು ಇಟ್ಟು ಅದರ ಮೇಲೆ ಕಪ್ ಜೋಡಿಸಿ. ಟ್ರೇಗೆ ಬಿದ್ದ ನೀರನ್ನು ಆಗಾಗ ಚೆಲ್ಲಿಬಿಡಿ, ಕೆಳಮನೆಯವರ ಬಟ್ಟೆ ಮೇಲೆ ಮಾತ್ರ ಬೇಡ.

ಕಪ್‌ಗೆ ಎರಡು ಸಸಿ ಬಿಟ್ಟು ಉಳಿದದ್ದನ್ನು ಕತ್ತರಿಯಲ್ಲಿ ಕತ್ತರಿಸಿ. ಕೀಳಬೇಡಿ, ಪಕ್ಕದ ಬೇರು ಅಲ್ಲಾಡುತ್ತದೆ. ಒತ್ತೊತ್ತಾಗಿದ್ದರೆ ಬುಡಕ್ಕೆ ಗಾಳಿ ಆಡಲ್ಲ. ಇನ್ನು ಮೇಲೆ ದಿನ ನೋಡಿ ನೀರು ಹಾಕಬೇಡಿ. ಕಪ್ ಎತ್ತಿ ನೋಡಿ, ಹಗುರ ಅನ್ನಿಸಿದರೆ ಬೆಳಿಗ್ಗೆ ಹೊತ್ತು ಹಾಕಿ. ಸಂಜೆ ಹಾಕಿದ ನೀರು ರಾತ್ರಿಯಿಡೀ ಬುಡದಲ್ಲೇ ಇರುತ್ತದೆ. ದೊಡ್ಡ ಮಡಿಯಾದರೆ ಕಾಪರ್ ಆಕ್ಸಿಕ್ಲೋರೈಡ್ ಅನ್ನುವ ಬೂಷ್ಟುನಾಶಕ ಲೀಟರಿಗೆ 3 ಗ್ರಾಂ ಬೆರೆಸಿ ಸುರಿಯುತ್ತೇವೆ. ನಾಲ್ಕು ಕಪ್‌ಗೆ ಅದು ಬೇಡ.

ಕವರ್ ಮುಚ್ಚಿದ್ದು ತಪ್ಪಲ್ಲ. ನಾವೂ 98 ಗುಂಡಿಯ ಪ್ರೋಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹೊದಿಸುತ್ತೇವೆ. ಆದರೆ ಮೊಳಕೆ ತಲೆ ಎತ್ತಿದ ದಿನವೇ ತೆಗೆದು ಬೆಳಕಿಗೆ ಹರಡುತ್ತೇವೆ. ಒಂದು ದಿನ ತಡವಾದರೂ ಸಸಿ ಸೊಪ್ಪೆ ಕಡ್ಡಿಯ ಹಾಗೆ ಉದ್ದ ಏಳುತ್ತದೆ.

ಹೊಸ ಬೀಜಕ್ಕೆ ಹಳೇ ಕುಂಡದ ಮಣ್ಣು ಬೇಡವೇ ಬೇಡ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮೂರು ಪಾಲು, ಎರೆಹುಳು ಗೊಬ್ಬರ ಒಂದು ಪಾಲು. ಕೊಕೊಪೀಟನ್ನು ಎರಡು ಸಲ ತೊಳೆದು ಹಿಂಡಿ, ಉಪ್ಪಿನಂಶ ಹೋಗಲಿ. ಗೊಬ್ಬರಕ್ಕೆ ಒಂದು ಚಮಚ ಟ್ರೈಕೋಡರ್ಮಾ ಪುಡಿ ಬೆರೆಸಿ, ಅದು ಕೊಳೆ ತರುವ ಬೂಷ್ಟನ್ನು ತಡೆಯುವ ಒಳ್ಳೆಯ ಬೂಷ್ಟು. ಅಡುಗೆಮನೆ ಕಾಂಪೋಸ್ಟ್ ಅರೆಬರೆ ಆಗಿರುತ್ತದೆ, ಅದನ್ನು ದೊಡ್ಡ ಗಿಡಕ್ಕೆ ಇಟ್ಟುಕೊಳ್ಳಿ.

ಹಿತ್ತಲಗಿಡ:
ತಪ್ಪು ಹೇಳಿದ್ದೆ, ಕ್ಷಮಿಸಿ. ಹಳೇ ಮಣ್ಣನ್ನು ಹಬೆಯಲ್ಲಿ ಬೇಯಿಸಿದರೆ ಆಗುತ್ತಾ ಸರ್? ಹೋದ ವರ್ಷ ಇಡ್ಲಿ ಪಾತ್ರೆಯಲ್ಲಿ ಅರ್ಧ ಗಂಟೆ ಇಟ್ಟಿದ್ದೆ. ಸಸಿ ಚೆನ್ನಾಗಿ ಬಂತು. ಇಡ್ಲಿ ಪಾತ್ರೆ ಮಾತ್ರ ಹೊಸದು ತರಬೇಕಾಯಿತು.

ಸಸಿಮಡಿ:
ಆಗುತ್ತದೆ. ಆದರೆ ಕೊಕೊಪೀಟ್ ಇಡ್ಲಿ ಪಾತ್ರೆಗಿಂತ ಅಗ್ಗ.

ಕರಟದ ಕುಂಡ:
ನಾನು ಶಿರಸಿ ಕಡೆಯವಳು. ನಮ್ಮಲ್ಲಿ ಈಗ ಮಳೆ ಅಂದರೆ ಮಳೆ, ಪ್ಲಾಸ್ಟಿಕ್ ಕಪ್‌ನಲ್ಲಿ ಒಂದೂ ಉಳಿಯಲ್ಲ. ತೆಂಗಿನ ಕರಟ ಬಳಸುತ್ತೇನೆ. ಕಣ್ಣಿರುವ ಹೋಳು ಮಾತ್ರ. ಮೂರು ಕಣ್ಣಿನಲ್ಲಿ ಒಂದು ಮೆತ್ತಗಿರುತ್ತದೆ, ಮೊಳಕೆ ಬರುವುದು ಅದರಿಂದಲೇ. ಸ್ಕ್ರೂಡ್ರೈವರ್‌ನಲ್ಲಿ ತಿರುವಿದರೆ ಸಲೀಸಾಗಿ ತೂತಾಗುತ್ತದೆ. ಕರಟದ ತಳ ಗುಂಡಗೆ, ತೂತು ಹೆಚ್ಚುಕಮ್ಮಿ ಎಲ್ಲಕ್ಕಿಂತ ಕೆಳಗೆ, ನೀರು ನಿಲ್ಲಲು ಜಾಗವೇ ಇಲ್ಲ. ಉರುಳದ ಹಾಗೆ ಮೊಟ್ಟೆ ಟ್ರೇಯಲ್ಲೋ ಸಿಂಬಿ ಮೇಲೋ ಕೂರಿಸಿ. ಒಳಗೆ ಕಾಯಿ ಚೂರು ಉಳಿದಿದ್ದರೆ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಇರುವೆ ಬರುತ್ತದೆ, ಇಲಿಯೂ ಬರುತ್ತದೆ.

ಹಾಲಿನ ಪ್ಯಾಕೆಟ್ ಕೂಡ ಒಳ್ಳೆಯದೇ. ಕೆಳಗಿನ ಎರಡು ಮೂಲೆ ಕತ್ತರಿಸಿದರೆ ಆಯಿತು. ಒಳಗೆ ಜಿಡ್ಡು ಇರುತ್ತದೆ, ಸೀಗೆಪುಡಿಯಲ್ಲೋ ಸೋಪಿನಲ್ಲೋ ಎರಡು ಸಲ ತೊಳೆಯಬೇಕು. ಮೊಟ್ಟೆ ಟ್ರೇಯಲ್ಲೇ ಬೀಜ ಹಾಕುವವರಿದ್ದಾರೆ, ನನಗೆ ಅದು ಒಗ್ಗಲಿಲ್ಲ. ಒಂದು ಹೊತ್ತಿಗೆ ಒದ್ದೆ, ಇನ್ನೊಂದು ಹೊತ್ತಿಗೆ ಒಣಗಿ ರಟ್ಟು. ಫಿನಾಯಿಲ್, ಔಷಧಿ ಹೊಡೆಯುವ ಡಬ್ಬಿಗಳ ಸಹವಾಸ ಮಾತ್ರ ಎಷ್ಟು ತೊಳೆದರೂ ಬೇಡ.

ಮೂರನೇ ಮಹಡಿ:
ಅಕ್ಕ, ಕರಟ ಇವತ್ತಿಂದಲೇ ಎತ್ತಿಡುತ್ತೇನೆ. ಇನ್ನೊಂದು ಪ್ರಶ್ನೆ. ಅರ್ಕಾ ರಕ್ಷಕ್ ತಳಿಗೆ ರೋಗವೇ ಬರಲ್ಲ ಅಂತ ಪಕ್ಕದವರು ಹೇಳಿದರು. ಅದನ್ನೇ ತಂದರೆ ಹೇಗೆ?

ಸಸಿಮಡಿ:
ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ ಅದು. ತಡೆಯುವುದು ಮೂರು ರೋಗವನ್ನು: ಎಲೆ ಮುರುಟು ನಂಜು, ದುಂಡಾಣು ಸೊರಗು, ಎಲೆ ಚುಕ್ಕೆ ಅಂಗಮಾರಿ. ನಿಮ್ಮ ಸಸಿ ಕೊಳೆ ಆ ಪಟ್ಟಿಯಲ್ಲಿ ಇಲ್ಲ. ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ಎತ್ತಿಟ್ಟರೆ ಮುಂದಿನ ಸಲ ಅದೇ ಗುಣ ಬರಲ್ಲ. ನಿಮ್ಮ ನಾಟಿ ಬೀಜದಲ್ಲಿ ತಪ್ಪೇನಿಲ್ಲ, ಚೆನ್ನಾಗಿಯೇ ಮೊಳೆತಿತ್ತಲ್ವಾ?

ಮೂರನೇ ಮಹಡಿ (ಹನ್ನೆರಡು ದಿನದ ನಂತರ):
ಉಳಿದಿದ್ದ ನಾಲ್ಕು ಕಪ್‌ನಲ್ಲಿ ಇನ್ನೊಂದು ಹೋಯಿತು, ಮೂರು ಗಟ್ಟಿಯಾಗಿವೆ, ಬೀಜದೆಲೆ ಆದ ಮೇಲಿನ ನಿಜವಾದ ಎಲೆ ಬಂದಿದೆ. ಹೊಸದಾಗಿ ಕೊಕೊಪೀಟ್‌ನಲ್ಲಿ ಹಾಕಿದ ಎಂಟು ಕಪ್ ಟೊಮೆಟೊ ಎಲ್ಲವೂ ಎದ್ದಿವೆ, ಒಂದೂ ಬಿದ್ದಿಲ್ಲ. ಮೊಳೆತ ದಿನವೇ ಕವರ್ ತೆಗೆದೆ. ಸ್ವಲ್ಪ ಉದ್ದ ಆಗಿವೆ, ಮೋಡ ಜಾಸ್ತಿ. ಜೊತೆಗೆ ಎರಡು ಕರಟದಲ್ಲಿ ಮೆಣಸಿನಕಾಯಿ ಹಾಕಿದ್ದೆ. ಒಂಬತ್ತು ದಿನ ಆಯಿತು, ಸುದ್ದಿಯೇ ಇಲ್ಲ.

ಸಸಿಮಡಿ:
ಉದ್ದ ಆಗಿದ್ದಕ್ಕೆ ಚಿಂತೆ ಬೇಡ. ದೊಡ್ಡ ಡಬ್ಬಿಗೆ ನೆಡುವಾಗ ದಂಟನ್ನು ಮೊದಲ ಎಲೆ ತನಕ ಹೂಳಿ, ಟೊಮೆಟೊ ದಂಟಿನಿಂದಲೇ ಬೇರು ಬಿಡುತ್ತದೆ. 25 ದಿನ ಆದ ಮೇಲೆ ಸಾಕು. ಮೆಣಸಿನಕಾಯಿ ನಿಧಾನ, ಎರಡು ವಾರ ಕೊಡಿ. ಅಗೆದು ನೋಡಬೇಡಿ.

ಮೂರನೇ ಮಹಡಿ:
ಇವತ್ತು ಬೆಳಿಗ್ಗೆ ಒಂದು ಅಗೆದು ನೋಡಿಬಿಟ್ಟೆ ಸರ್. ಬಿಳಿ ಬೇರು ಬಂದಿತ್ತು. ಹಾಗೇ ಮುಚ್ಚಿಟ್ಟಿದ್ದೇನೆ.