ಹಿಡಿತ ತಪ್ಪಿದ ಪ್ರೋಟಾನ್ ತಕ್ಷಣ ಯಾಕೆ ಹೊರಬೀಳುವುದಿಲ್ಲ?

ಪ್ರಶ್ನೆ: ಮೇಡಂ, ಲುಟೀಷಿಯಂ-151 ನ್ಯೂಕ್ಲಿಯಸ್ ಒಂದು ಪ್ರೋಟಾನನ್ನು ಹೊರಹಾಕಿ ಇಟರ್ಬಿಯಂ-150 ಆಗುತ್ತದೆ ಎಂದು ಓದಿದೆ. ಅರ್ಧಾಯು, ಅಂದರೆ ಅರ್ಧದಷ್ಟು ನ್ಯೂಕ್ಲಿಯಸ್‌ಗಳು ಕ್ಷಯಿಸಲು ಬೇಕಾದ ಸಮಯ, ಸುಮಾರು 80 ಮಿಲಿಸೆಕೆಂಡ್ ಅಂತೆ. ಹಿಡಿದಿಡಲು ಆಗದ ಪ್ರೋಟಾನ್ ಆ ಕ್ಷಣವೇ ಹೋಗಬೇಕಲ್ವಾ?

ಉತ್ತರ: 80 ಮಿಲಿಸೆಕೆಂಡ್ ನ್ಯೂಕ್ಲಿಯಸ್ ಲೆಕ್ಕದಲ್ಲಿ ಒಂದು ಯುಗ. ಒಳಗಿನ ಪ್ರೋಟಾನ್ ಸೆಕೆಂಡಿಗೆ ಕೋಟಿ ಕೋಟಿ ಕೋಟಿಗೂ ಜಾಸ್ತಿ ಸಲ ಅಂಚಿಗೆ ಬಂದು ಬಡಿಯುತ್ತದೆ, ವಾಪಸ್ ಹೋಗುತ್ತದೆ. ಉಳಿದ 70 ಪ್ರೋಟಾನ್‌ಗಳು ಅದನ್ನು ಹೊರಗೆ ತಳ್ಳುತ್ತವೆ, ನಿಜ. ಆದರೆ ಆ ತಳ್ಳಾಟ ಗೆಲ್ಲುವುದು ಅಂಚು ದಾಟಿದ ಮೇಲೆ. ಒಳಗೆ ನ್ಯೂಕ್ಲಿಯರ್ ಬಲದ ಸೆಳೆತವೇ ಮೇಲು. ಹಾಗಾಗಿ ಅಂಚಿನಲ್ಲಿ ಶಕ್ತಿಯ ಒಂದು ಗುಡ್ಡ ಎದ್ದಿರುತ್ತದೆ. ಪ್ರೋಟಾನಿನ ಶಕ್ತಿ ಸುಮಾರು 1.2 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ನ್ಯೂಕ್ಲಿಯಸ್ ಲೆಕ್ಕದ ಶಕ್ತಿಯ ಅಳತೆ), ಗುಡ್ಡ ಅದರ ಹಲವು ಪಟ್ಟು ಎತ್ತರ. ಹತ್ತಿ ಇಳಿಯುವ ಮಾತೇ ಇಲ್ಲ. ಕ್ವಾಂಟಂ ಟನಲಿಂಗ್‌ನಿಂದ ತೂರಿಯೇ ಹೋಗಬೇಕು.

ಅಷ್ಟೇ ಆಗಿದ್ದರೆ ಇಷ್ಟು ಹೊತ್ತು ಬೇಕಿರಲಿಲ್ಲ. ಈ ಪ್ರೋಟಾನ್ ಇರುವ ಕಕ್ಷೆಯ ಕೋನೀಯ ಸಂವೇಗ, ಅಂದರೆ ಸುತ್ತುವಿಕೆಯ ಪ್ರಮಾಣ, ಕ್ವಾಂಟಂ ಲೆಕ್ಕದಲ್ಲಿ 5. ಅದು ಜಾಸ್ತಿ ಆದಷ್ಟೂ ತಡೆ ಇನ್ನೂ ಎತ್ತರ, ಇನ್ನೂ ದಪ್ಪ. ಸೊನ್ನೆ ಇದ್ದಿದ್ದರೆ ಇದೇ ಶಕ್ತಿಯಲ್ಲಿ ಸಾವಿರಾರು ಪಟ್ಟು ಬೇಗ ಹೊರಬೀಳುತ್ತಿತ್ತು. ನನಗೆ ತುಂಬಾ ಇಷ್ಟವಾಗುವುದೇ ಇದು. ಶಕ್ತಿ, ಅರ್ಧಾಯು ಎರಡನ್ನೂ ಅಳೆದರೆ ಪ್ರೋಟಾನ್ ಒಳಗೆ ಯಾವ ಕಕ್ಷೆಯಲ್ಲಿತ್ತು ಎಂದು ಊಹಿಸಬಹುದು. ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಒಟ್ಟಾಗಿ ಹೊರಬೀಳುವ ಆಲ್ಫಾ ಕ್ಷಯದಲ್ಲಿ ಇದು ಇಷ್ಟು ಸಲೀಸಲ್ಲ. ಅಲ್ಲಿ ನಾಲ್ಕು ಕಣಗಳು ಮೊದಲು ಒಟ್ಟುಗೂಡಬೇಕು. ಇಲ್ಲಿ ಪ್ರೋಟಾನ್ ಮೊದಲೇ ಇದೆ.

ಇನ್ನೊಬ್ಬರ ಪ್ರಶ್ನೆ: ಆ ಪ್ರೋಟಾನ್ ಅದೇ ನ್ಯೂಕ್ಲಿಯಸ್ಸಿನದು ಎಂದು ಗೊತ್ತಾಗುವುದು ಹೇಗೆ?

ಉತ್ತರ: ಸ್ಥಿರವಾದ ಲುಟೀಷಿಯಂ-175ಕ್ಕೆ ಹೋಲಿಸಿದರೆ ಇದರಲ್ಲಿ 24 ನ್ಯೂಟ್ರಾನ್ ಕಮ್ಮಿ. ಪ್ರಕೃತಿಯಲ್ಲಿ ಸಿಗುವುದಿಲ್ಲ, ತಯಾರಿಸಲೇಬೇಕು. 1980ರ ದಶಕದ ಆರಂಭದಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನ ಜಿಎಸ್‌ಐ ಪ್ರಯೋಗಾಲಯದಲ್ಲಿ ನಿಕಲ್-58 ಅಯಾನುಗಳನ್ನು ರುಥೇನಿಯಂ-96ಕ್ಕೆ ಹೊಡೆದು ಪಡೆದರು. ಉದ್ರೇಕಗೊಂಡ ಕೋಬಾಲ್ಟ್-53ರಲ್ಲಿ ಪ್ರೋಟಾನ್ ಕ್ಷಯ 1970ರಲ್ಲೇ ಕಂಡಿತ್ತು. ಅತಿ ಕಡಿಮೆ ಶಕ್ತಿಯ ಸ್ಥಿತಿಯಿಂದಲೇ ಹೊರಬಂದದ್ದು ಮೊದಲು ಕಂಡದ್ದು ಲುಟೀಷಿಯಂನಲ್ಲಿ.

ಈಗ ಬಳಸುವ ಸಿಲಿಕಾನ್ ಡಿಟೆಕ್ಟರ್‌ನ ಮುಂದೆ ಉದ್ದ ಪಟ್ಟಿಗಳು, ಹಿಂದೆ ಅಡ್ಡ ಪಟ್ಟಿಗಳು. ಎರಡೂ ಸೇರುವ ಕಡೆ ಒಂದೊಂದು ಪುಟ್ಟ ಚೌಕ. ನ್ಯೂಕ್ಲಿಯಸ್ ಬಂದು ಒಂದು ಚೌಕದಲ್ಲಿ ಹೂತುಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಚೌಕದಲ್ಲಿ ಪ್ರೋಟಾನಿನ ಸಿಗ್ನಲ್ ಬರುತ್ತದೆ. ಬೇರೆ ಬಗೆಯ ಕ್ಷಯದಲ್ಲಿ ಬರುವ ಬೀಟಾ ಕಣಗಳ (ಎಲೆಕ್ಟ್ರಾನ್ ಅಥವಾ ಪಾಸಿಟ್ರಾನ್) ಶಕ್ತಿ ಹರಡಿಕೊಂಡಿರುತ್ತದೆ. ಈ ಪ್ರೋಟಾನಿನದು ಪ್ರತಿ ಸಲವೂ ಒಂದೇ, ಗ್ರಾಫಿನಲ್ಲಿ ಚೂಪಾಗಿ ಎದ್ದು ನಿಲ್ಲುತ್ತದೆ.

ಪ್ರಶ್ನೆ: ಎರಡು ಪ್ರೋಟಾನ್ ಒಟ್ಟಿಗೆ ಹೊರಬರುವುದೂ ಇದೆಯಾ, ಮೇಡಂ?

ಉತ್ತರ: ಇದೆ. ಸೋವಿಯತ್ ವಿಜ್ಞಾನಿ ವಿಟಾಲಿ ಗೋಲ್ಡಾನ್‌ಸ್ಕಿ 1960ರಲ್ಲೇ ಹೇಳಿದ್ದರು. 2002ರಲ್ಲಿ ಕಬ್ಬಿಣ-45ರಲ್ಲಿ ಸಿಕ್ಕಿತು. ಪ್ರೋಟಾನ್‌ಗಳು ಜೋಡಿಯಾಗಿ ಇರುವುದರಿಂದ ಅಲ್ಲಿ ಒಂದನ್ನೇ ಕಿತ್ತು ಕಳಿಸಲು ಶಕ್ತಿ ಸಾಲದು, ಎರಡನ್ನೂ ಕಳಿಸಿದರೆ ಲೆಕ್ಕ ಸರಿಹೋಗುತ್ತದೆ. ಆಮೇಲೆ ಅನಿಲ ತುಂಬಿದ ಡಿಟೆಕ್ಟರ್‌ನಲ್ಲಿ ಆ ಎರಡೂ ಪ್ರೋಟಾನ್‌ಗಳ ಜಾಡನ್ನು ಕ್ಯಾಮೆರಾದಲ್ಲಿ ಹಿಡಿದರು. ಒಂದೇ ಬಿಂದುವಿನಿಂದ ಎರಡು ಗೆರೆ ಹೊರಟ ಆ ಚಿತ್ರವನ್ನು ಒಮ್ಮೆ ಹುಡುಕಿ ನೋಡಿ.