ಭಾನುವಾರದ ಪ್ರಶ್ನೋತ್ತರ: ಮುಂದಿನ ಆಕ್ಸಲ್ ಬದಲಾಯಿಸುವ ಮುಂಚೆ

ಅಡ್ಮಿನ್: ಮೈಸೂರು–ಮಂಡ್ಯ ಜೀಪಿನವರಿಗೆಲ್ಲ ನಮಸ್ಕಾರ. ಇವತ್ತು ಗ್ಯಾರೇಜ್ ಅಣ್ಣ ಎರಡು ಗಂಟೆ ಬಿಡುವು ಮಾಡಿಕೊಂಡಿದ್ದಾರೆ. ವಿಷಯ ಗಾಡಿಯ ಮುಂಭಾಗದ ಆಕ್ಸಲ್ (ಎರಡು ಚಕ್ರ ಹೊರುವ ಅಚ್ಚು) ಮತ್ತು ಸಸ್ಪೆನ್ಶನ್ ಬದಲಾವಣೆ. ಒಬ್ಬರಿಗೆ ಒಂದೇ ಪ್ರಶ್ನೆ. ಗುಡ್ ಮಾರ್ನಿಂಗ್ ಫೋಟೋ ಬೇಡ.

ಹುಣಸೂರು ರಸ್ತೆ: ಅಣ್ಣ, ಥಾರ್‌ಗೆ ಮುಂದೆ ಹಳೆ ಜೀಪಿನ ಆಕ್ಸಲ್ ಹಾಕಿಸಿದರೆ ಎಷ್ಟು ಖರ್ಚಾಗುತ್ತದೆ?

ಗ್ಯಾರೇಜ್ ಅಣ್ಣ: ಗಾಡಿ ನೋಡದೆ ರೇಟು ಹೇಳುವುದಿಲ್ಲ. ಗುಜರಿಯಲ್ಲಿ ಆಕ್ಸಲ್ ಎಷ್ಟಕ್ಕೆ ಸಿಗುತ್ತದೆ ಅಂತ ಕೇಳಿಕೊಂಡು ಲೆಕ್ಕ ಹಾಕಬೇಡಿ. ಇಡೀ ಕೆಲಸದಲ್ಲಿ ಅದೇ ಅಗ್ಗದ ಸಾಮಾನು.

ಕುವೆಂಪುನಗರ: ಹೊಸಬ ಕೇಳುತ್ತಿದ್ದೇನೆ, ಬೈಯಬೇಡಿ. ಕಂಪನಿಯವರು ಕೊಟ್ಟಿದ್ದನ್ನು ಯಾಕೆ ಬದಲಾಯಿಸಬೇಕು?

ಗ್ಯಾರೇಜ್ ಅಣ್ಣ: ಬೈಯುವ ಪ್ರಶ್ನೆ ಅಲ್ಲ, ಎಲ್ಲರೂ ಮೊದಲು ಕೇಳಬೇಕಾದದ್ದು ಇದೇ. 2010ರಲ್ಲಿ ಬಂದ ಥಾರ್ ಸಿಆರ್‌ಡಿಇಗೆ (ಥಾರಿನ ಒಂದು ಡೀಸೆಲ್ ಮಾದರಿ) ಮುಂದೆ ಟಾರ್ಷನ್ ಬಾರ್ (ತಿರುಚಿಕೊಳ್ಳುವ ಕಂಬಿಯ ಸ್ಪ್ರಿಂಗ್), ಎರಡು ಚಕ್ರವೂ ಬೇರೆ ಬೇರೆ ಆಡುತ್ತವೆ. ರಸ್ತೆಗೆ ಒಳ್ಳೆಯದು. ಒಂದೇ ಹೌಸಿಂಗ್ (ಎರಡು ಚಕ್ರಕ್ಕೂ ಸೇರಿ ಒಂದೇ ಆಕ್ಸಲ್ ಕವಚ) ಇರುವ ಜೀಪು, ಜಿಪ್ಸಿಯಲ್ಲಿ ಒಂದು ಚಕ್ರ ಕಲ್ಲು ಹತ್ತಿದರೆ ಇನ್ನೊಂದನ್ನು ಕೆಳಕ್ಕೆ ಒತ್ತುತ್ತದೆ, ಅದಕ್ಕೇ ಹಳ್ಳದಲ್ಲಿ ಹಿಡಿತ ಜಾಸ್ತಿ. ಎತ್ತರ ಮಾಡುವುದೂ ಸುಲಭ. ವರ್ಷಕ್ಕೆ ನಾಲ್ಕು ಸಲ ಬೆಟ್ಟಕ್ಕೆ ಹೋಗುವವರಿಗೆ ಇದು ಬೇಕಾಗಿಲ್ಲ. ಒಳ್ಳೆ ಟೈರ್ ಹಾಕಿಸಿ, ಸಾಕು.

ಮೇಲುಕೋಟೆ ಜಿಪ್ಸಿ: ಅಣ್ಣ, ಮುಂದಿನ ಎಡಗಡೆ ನಕಲ್‌ನಿಂದ (ಚಕ್ರ ತಿರುಗುವ ಕೀಲು) ಗ್ರೀಸು ನೀರು ನೀರಾಗಿ ಸೋರುತ್ತಿದೆ. ಗ್ರೀಸಿಗೆ ಹೌಸಿಂಗ್ ಆಯಿಲ್ ಸೇರಿಕೊಂಡ ಹಾಗಿದೆ. ಒಳಗಿನ ಸೀಲ್ ಹೋಗಿದೆಯಾ?

ಪಾಂಡವಪುರ ಥಾರ್: ಅಣ್ಣ, ನನ್ನದು 2014ರ ಸಿಆರ್‌ಡಿಇ. ಟಾರ್ಷನ್ ಬಾರ್, ಸ್ಟೇರಿಂಗ್ ರ್ಯಾಕ್ ಎಲ್ಲ ಬಿಚ್ಚಿಸಿ ಹಳೆ ಜೀಪಿನ ಹೌಸಿಂಗ್, ಲೀಫ್ ಪ್ಲೇಟ್ (ಪಟ್ಟಿ ಸ್ಪ್ರಿಂಗ್), ಸ್ಟೇರಿಂಗ್ ಬಾಕ್ಸ್ ಕೂರಿಸಿದ್ದೇನೆ. ಎತ್ತರ ಬರಲಿ ಅಂತ ಶ್ಯಾಕಲ್ (ಪ್ಲೇಟನ್ನು ಚಾಸಿಗೆ ಸೇರಿಸುವ ಕೊಂಡಿ) ಎರಡು ಇಂಚು ಉದ್ದದ್ದು, ಮುಂದಿನ ತುದಿಗೆ. ಕುಂತಿ ಬೆಟ್ಟದ ಹಿಂದಿನ ಮಣ್ಣು ದಾರಿಯಲ್ಲಿ ಸೂಪರ್. ಟಾರು ರಸ್ತೆಯಲ್ಲಿ 55 ದಾಟಿದ ಮೇಲೆ ಸಣ್ಣ ಗುಂಡಿ ಸಿಕ್ಕರೂ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವ ಹಾಗೆ ಅದುರುತ್ತದೆ, ಗಾಡಿ ಪೂರ್ತಿ ನಿಲ್ಲಿಸುವ ತನಕ ಬಿಡಲ್ಲ. ವೀಲ್ ಬ್ಯಾಲೆನ್ಸ್ ಎರಡು ಸಲ ಮಾಡಿಸಿದೆ. ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಳೆತ) ಹಾಕಿ ಟಾರಿನ ಮೇಲೆ ಓಡಿಸಿದರೆ ಕಟ್ ಕಟ್ ಶಬ್ದ. ನಾಡಿದ್ದು ಅಮ್ಮ, ಮಕ್ಕಳನ್ನು ಕರೆದುಕೊಂಡು ನಂಜನಗೂಡಿಗೆ ಹೋಗಬೇಕು. ಮೂರು ಫೋಟೋ ಹಾಕಿದ್ದೇನೆ.

ಗ್ಯಾರೇಜ್ ಅಣ್ಣ: ಮೊದಲು ಮೂರನೇ ಫೋಟೋ, ಉಳಿದದ್ದು ಆಮೇಲೆ. ಸ್ಟೇರಿಂಗ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಡ್ರ್ಯಾಗ್ ಲಿಂಕನ್ನು ಮಧ್ಯೆ ಕುಯ್ದು, ಪೈಪ್ ತುಂಡು ಸೇರಿಸಿ ವೆಲ್ಡ್ ಮಾಡಿದ್ದಾರೆ, ಅಲ್ವಾ? ಫೋಟೋ ದೊಡ್ಡದು ಮಾಡಿ ನೋಡಿ. ವೆಲ್ಡಿಂಗ್ ಗಂಟಿನ ಎಡಕ್ಕೆ ಕಪ್ಪು ಪೇಂಟಿನ ಮೇಲೆ ಕೂದಲೆಳೆಯಷ್ಟು ಗೆರೆ ಇದೆ. ಆ ಗೆರೆಯಿಂದ ತುಕ್ಕು ಕೆಂಪಗೆ ಇಳಿದಿದೆ. ಬರೀ ಪೇಂಟ್ ಬಿರುಕಾಗಿದ್ದರೆ ಹಾಗೆ ಒಂದೇ ಗೆರೆಯಲ್ಲಿ ಇಳಿಯುವುದಿಲ್ಲ, ಕಬ್ಬಿಣವೇ ಬಾಯಿ ಬಿಡುತ್ತಿದೆ. ಅದು ತುಂಡಾದರೆ ಸ್ಟೇರಿಂಗ್ ನಿಮ್ಮ ಕೈಯಲ್ಲಿ ಗಿರಗಿರ ತಿರುಗುತ್ತದೆ, ಚಕ್ರ ತನ್ನ ಪಾಡಿಗೆ ಹೋಗುತ್ತದೆ. ಗಾಡಿ ಎಲ್ಲಿದೆಯೋ ಅಲ್ಲೇ ಇರಲಿ. ಅಮ್ಮನನ್ನು ಬಸ್ಸಲ್ಲಿ ಕರೆದುಕೊಂಡು ಹೋಗಿ.

ಈಗ ಅದುರುವುದು. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುತ್ತದೆ ನೋಡಿ, ಕೈ ಬಿಟ್ಟರೂ ನೆಟ್ಟಗೆ ಓಡಲು ಅದೂ ಒಂದು ಕಾರಣ. ಜೀಪಿನ ಕಿಂಗ್ ಪಿನ್ನೂ (ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಗೂಟ) ಹಾಗೇ ಹಿಂದಕ್ಕೆ ಸುಮಾರು 3 ಡಿಗ್ರಿ ವಾಲಿರಬೇಕು. ಕ್ಯಾಸ್ಟರ್ ಅನ್ನುವುದು ಇದನ್ನೇ. ಮುಂದಿನ ತುದಿಯ ಶ್ಯಾಕಲ್ ಉದ್ದ ಮಾಡಿದರೆ ಹೌಸಿಂಗಿನ ಮುಂಭಾಗ ಕೆಳಕ್ಕೆ ತಿರುಗುತ್ತದೆ, ಆ 3 ಡಿಗ್ರಿ ಸವೆದು ಹೋಗುತ್ತದೆ. ಅದರ ಜೊತೆಗೆ ಗುಜರಿ ಹೌಸಿಂಗಿನ ಕಿಂಗ್ ಪಿನ್ ಬೇರಿಂಗ್ ಸಡಿಲ ಇದ್ದೇ ಇರುತ್ತದೆ. ಜಾಕ್ ಹಾಕಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಆಟ ಇದ್ದರೆ ಮೊದಲು ಹಬ್ ಬೇರಿಂಗ್ ನೋಡಿ, ಆಮೇಲೆ ನಕಲ್ ಶಿಮ್ (ಬಿಗಿ ಹೊಂದಿಸುವ ತೆಳು ಬಿಲ್ಲೆ). ಕ್ಯಾಸ್ಟರ್ ಸರಿ ಮಾಡಲು ಪ್ಲೇಟಿಗೂ ಹೌಸಿಂಗಿಗೂ ಮಧ್ಯೆ ಉಕ್ಕಿನ ಇಳಿಜಾರು ತುಂಡು ಇಡಿಸಬೇಕು. ಅಲ್ಯೂಮಿನಿಯಂದು ಬೇಡ, ಪುಡಿಯಾಗುತ್ತದೆ.

ಇನ್ನು ಕಟ್ ಕಟ್. ಮುಂದಿನ ಹೌಸಿಂಗಿನ ರೇಶಿಯೋ (ಗೇರ್ ಹಲ್ಲುಗಳ ಅನುಪಾತ) ಹಿಂದಿನದಕ್ಕೆ ಸರಿಹೊಂದುತ್ತದೆ ಅಂತ ಯಾರು ನೋಡಿದರು? ಒಂದು ಚಕ್ರ ನೆಲದ ಮೇಲೇ ಇರಲಿ, ಇನ್ನೊಂದನ್ನು ಮಾತ್ರ ಎತ್ತಿ. ಗೇರ್ ನ್ಯೂಟ್ರಲ್. ಎತ್ತಿದ ಚಕ್ರವನ್ನು ಕೈಯಲ್ಲಿ ಸರಿಯಾಗಿ ಎರಡು ಸುತ್ತು ತಿರುಗಿಸಿ, ಜಾಯಿಂಟ್ ಶಾಫ್ಟ್ (ಗೇರ್ ಕಡೆಯಿಂದ ಹೌಸಿಂಗಿಗೆ ಬರುವ ಶಾಫ್ಟ್) ಎಷ್ಟು ಸುತ್ತು ತಿರುಗಿತು ಅಂತ ಚಾಕ್‌ಪೀಸ್ ಗುರುತು ಹಾಕಿ ಎಣಿಸಿ. ಅದೇ ರೇಶಿಯೋ. ಹಿಂದೆಯೂ ಹಾಗೇ ಮಾಡಿ. ಕ್ರೌನಿಗೆ (ದೊಡ್ಡ ಗೇರ್) 43 ಹಲ್ಲು, ಪಿನಿಯನ್ನಿಗೆ (ಚಿಕ್ಕ ಗೇರ್) 8 ಇದ್ದರೆ 5.38. 39ಕ್ಕೆ 8 ಇದ್ದರೆ 4.88. ಒಂದು ಮುಂದೆ, ಒಂದು ಹಿಂದೆ ಕೂತರೆ ಹತ್ತಿರ ಹತ್ತಿರ ನೂರಕ್ಕೆ 10 ವ್ಯತ್ಯಾಸ. ಮಣ್ಣಿನಲ್ಲಿ ಚಕ್ರ ಜಾರಿ ಸರಿಹೋಗುತ್ತದೆ, ನಿಮಗೆ ಸೂಪರ್ ಅನ್ನಿಸಿದ್ದು ಅದಕ್ಕೇ. ಟಾರಿನಲ್ಲಿ ಜಾರಲು ಜಾಗ ಇಲ್ಲ, ಆ ವ್ಯತ್ಯಾಸವನ್ನು ಟ್ರಾನ್ಸ್‌ಫರ್ ಕೇಸ್ (ಹಿಂದೆ ಮುಂದೆ ಎಳೆತ ಹಂಚುವ ಗೇರ್ ಪೆಟ್ಟಿಗೆ) ನುಂಗಬೇಕು.

ಇದನ್ನು ಕೂರಿಸಿದವರು ಯಾರು ಅಂತ ಕೇಳುವುದಿಲ್ಲ. ಅವರ ಹತ್ತಿರ ಮತ್ತೆ ಹೋಗಬೇಡಿ.

ವಿಜಯನಗರ 2ನೇ ಹಂತ: ಬೇರೆ ಗುಂಪಿನಲ್ಲಿ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ. *ಸ್ಟೇರಿಂಗ್ ಅದುರುತ್ತಿದೆಯೇ? ಟೈರಿಗೆ 45 ಗಾಳಿ ತುಂಬಿಸಿ. ಲೀಫ್ ಪ್ಲೇಟ್ ಮಧ್ಯೆ ಸುಟ್ಟ ಆಯಿಲ್ ಬಿಡಿ. ಸ್ಟೇರಿಂಗ್ ಡ್ಯಾಂಪರ್ ಹಾಕಿ. 100% ಗ್ಯಾರಂಟಿ!* 🙏🙏

ಗ್ಯಾರೇಜ್ ಅಣ್ಣ: ಗ್ಯಾರಂಟಿ ಯಾರು ಕೊಟ್ಟರು, ಅವರ ಗ್ಯಾರೇಜ್ ಎಲ್ಲಿದೆ? ಗಾಳಿ 45 ತುಂಬಿದರೆ ಜೀಪು ಚೆಂಡಿನ ಹಾಗೆ ಕುಪ್ಪಳಿಸುತ್ತದೆ, ಅದುರುವುದು ಇನ್ನೂ ಜಾಸ್ತಿ. ಸುಟ್ಟ ಆಯಿಲ್ ರಬ್ಬರ್ ಬುಷ್ಷನ್ನು ಉಬ್ಬಿಸಿ ತಿನ್ನುತ್ತದೆ. ಡ್ಯಾಂಪರ್ ಹಾಕಿದರೆ ಅದುರುವುದು ಗೊತ್ತಾಗುವುದಿಲ್ಲ, ಅಷ್ಟೇ. ಹಲ್ಲುನೋವಿಗೆ ಲವಂಗ ಇಟ್ಟುಕೊಂಡ ಹಾಗೆ. ಮೇಲಿನ ಫೋಟೋದ ಗೆರೆ ಆಗಲೂ ದಿನಾ ಬೆಳೆಯುತ್ತಲೇ ಇರುತ್ತದೆ.

ವಿಜಯನಗರ 2ನೇ ಹಂತ: ಒಳ್ಳೆಯದಕ್ಕೆ ಹಾಕಿದೆ ಸಾರ್. ಇಷ್ಟು ಕೋಪ ಯಾಕೆ.

ಮಳವಳ್ಳಿ: ಅಣ್ಣ ಆಕ್ಸಲ್ ಬದಲಾಯಿಸಲು ಒಟ್ಟು ಎಷ್ಟಾಗುತ್ತದೆ?

ಗ್ಯಾರೇಜ್ ಅಣ್ಣ: ಮೇಲೆ ಓದಿ.

ಕುವೆಂಪುನಗರ: ಇದಕ್ಕೆಲ್ಲ ಆರ್‌ಸಿಯಲ್ಲಿ ಬರೆಸಬೇಕಾ?

ಸರಸ್ವತಿಪುರಂ ವಕೀಲ: ನಾನು ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ. ಕಂಪನಿಯ ಮೂಲ ವಿವರಕ್ಕೆ ವ್ಯತ್ಯಾಸ ಆಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅದೇ ವರ್ಷದ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೆ 5,000 ದಂಡ, ಇಲ್ಲ ಆರು ತಿಂಗಳ ತನಕ ಜೈಲು, ಇಲ್ಲ ಎರಡೂ. ಅಪಘಾತ ಆದರೆ ಇನ್ಶೂರೆನ್ಸಿನವರು ಮೊದಲು ಹುಡುಕುವುದು ಇದನ್ನೇ.

ಹುಣಸೂರು ರಸ್ತೆ: ಹಾಗಾದರೆ ಈ ಗುಂಪೇ ಮುಚ್ಚಿ ಸಾರ್ 😂 ನಾವು ರಸ್ತೆಯಲ್ಲಿ ಓಡಿಸಲ್ಲ, ನಾಲೆ ಏರಿ ಮೇಲೆ ಓಡಿಸುತ್ತೇವೆ.

ಕೆ.ಎಂ. ದೊಡ್ಡಿ ರೈತ: ಏರಿ ನಿಮ್ಮಪ್ಪನದಾ? ಕಳೆದ ಮಳೆಯಲ್ಲಿ ಐದು ಗಾಡಿ ಬಂದು ಏರಿ ದಾರಿಯನ್ನು ಉತ್ತ ಗದ್ದೆ ಮಾಡಿಬಿಟ್ಟು ಹೋದವು. ಮಾರನೇ ದಿನ ಕಬ್ಬಿನ ಟ್ರ್ಯಾಕ್ಟರ್ ಹೂತುಕೊಂಡಿತು, ಎತ್ತಲು ಅರ್ಧ ದಿನ. ನನ್ನ ಹತ್ತಿರವೂ ಹಳೆ ಜೀಪಿದೆ, ಹಿಂಡಿ ಮೂಟೆ ಹೊರುತ್ತದೆ. ನಿಮ್ಮ ಹಾಗೆ ಕೆಸರು ಎರಚಿಕೊಂಡು ಫೋಟೋ ತೆಗೆಸಿಕೊಳ್ಳುವುದಿಲ್ಲ.

ಹುಣಸೂರು ರಸ್ತೆ: ನಮ್ಮ ಗಾಡಿ ಅಲ್ಲ ಅದು. ಸುಮ್ನೆ ಎಲ್ಲರ ಮೇಲೂ ಹಾಕಬೇಡಿ.

ಕೆ.ಎಂ. ದೊಡ್ಡಿ ರೈತ: ಐದರಲ್ಲಿ ಎರಡು ಮೈಸೂರು ನಂಬರ್ ಕಣಪ್ಪ. 09.

ಹುಣಸೂರು ರಸ್ತೆ: ಉಳಿದ ಮೂರು 11 ತಾನೇ? ನಿಮ್ಮೂರಿನವರನ್ನೇ ಕೇಳಿ.

ಮಳವಳ್ಳಿ: ಮಂಡ್ಯದವರ ವಿಷಯಕ್ಕೆ ಬರಬೇಡಿ.

ಅಡ್ಮಿನ್: ಸಾಕು. ಆಕ್ಸಲ್ ಬಗ್ಗೆ ಮಾತ್ರ.

ಮೇಲುಕೋಟೆ ಜಿಪ್ಸಿ: ಅಣ್ಣ, ನನ್ನ ನಕಲ್ ಗ್ರೀಸು?

ಬೋಗಾದಿ: ಅಣ್ಣ, ಮುಂದಿನ ತಿಂಗಳು ಈ ಕೆಲಸಕ್ಕೆ ಕೈ ಹಾಕುತ್ತಿದ್ದೇನೆ. ಬಿಚ್ಚುವ ಮುಂಚೆ ಏನು ಅಳೆದುಕೊಳ್ಳಲಿ?

ಗ್ಯಾರೇಜ್ ಅಣ್ಣ: ಬಿಚ್ಚುವ ಮುಂಚೆ ಕೇಳಿದವರು ನೀವೊಬ್ಬರೇ. ರೇಶಿಯೋ ಮೇಲೆ ಹೇಳಿದ ಹಾಗೆ. ಹೌಸಿಂಗಿನ ಗುಂಡು (ಒಳಗೆ ಗೇರ್ ಇರುವ ಉಬ್ಬು) ಯಾವ ಕಡೆಗಿದೆ, ನಿಮ್ಮ ಟ್ರಾನ್ಸ್‌ಫರ್ ಕೇಸಿನ ಮುಂದಿನ ಔಟ್‌ಪುಟ್ ಅದೇ ಕಡೆಗಿದೆಯಾ ನೋಡಿ. ಇಲ್ಲದಿದ್ದರೆ ಶಾಫ್ಟ್ ಅಡ್ಡ ಓಡಬೇಕು, ಎಂಜಿನ್ ಆಯಿಲ್ ಚೇಂಬರಿಗೆ ತಾಗುತ್ತದೆ. ಕೂರಿಸಿದ ಮೇಲೆ ಚಾಸಿಗೆ ಸ್ಟ್ಯಾಂಡ್ ಕೊಟ್ಟು ಮುಂದಿನ ಎರಡೂ ಚಕ್ರ ನೇತಾಡಲಿ. ಆಗ ಸ್ಟೇರಿಂಗ್ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಬ್ರೇಕ್ ಹೋಸ್ ಬಿಗಿಯಾಗಿ ಎಳೆಯಬಾರದು, ಶಾಫ್ಟಿನ ಸ್ಲಿಪ್ ಜಾಯಿಂಟ್ ಕಳಚಿಕೊಳ್ಳುವಷ್ಟು ಹೊರಗೆ ಬರಬಾರದು. ಪ್ಲೇಟನ್ನು ಹೌಸಿಂಗಿಗೆ ಬಿಗಿಯುವ ಯು ಬೋಲ್ಟ್ ಹೊಸದೇ ಆಗಬೇಕು, ಹಳೆಯದು ಒಂದು ಸಲ ಹಿಗ್ಗಿದೆ. 100 ಕಿಲೋಮೀಟರ್ ಆದ ಮೇಲೆ ಮತ್ತೆ ಬಿಗಿ ಮಾಡಿ. ಬುಷ್ ಬೋಲ್ಟಿನ ಕೊನೆ ಬಿಗಿ ಮಾತ್ರ ಗಾಡಿಯ ಭಾರ ನೆಲದ ಮೇಲೆ ಕೂತ ಮೇಲೆ. ಹುಡುಗರು ಇದನ್ನೇ ಮರೆಯುವುದು.

ಪಾಂಡವಪುರ ಥಾರ್: ಅಣ್ಣ, ಈಗ ಹೋಗಿ ಉಗುರಲ್ಲಿ ಕೆರೆದು ನೋಡಿದೆ. ಗೆರೆಯಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ. ಗಾಡಿ ನಿಮ್ಮ ಹತ್ತಿರ ತರಬಹುದಾ? 20ರಲ್ಲಿ ನಿಧಾನಕ್ಕೆ ಬರುತ್ತೇನೆ, ಹೈವೇಗೆ ಹತ್ತಲ್ಲ. ಶ್ರೀರಂಗಪಟ್ಟಣದ ಒಳಗಿಂದ ಬರುತ್ತೇನೆ.

ಗ್ಯಾರೇಜ್ ಅಣ್ಣ: ಬೇಡ. ಲಾರಿ ಮೇಲೆ ಹಾಕಿಸಿ.

ಪಾಂಡವಪುರ ಥಾರ್: ಲಾರಿಗೆ ಸುಮ್ನೆ ದುಡ್ಡು ದಂಡ ಅಲ್ವಾ ಅಣ್ಣ. ಅದೇ ಜಾಗದ ಮೇಲೆ ಇನ್ನೊಂದು ವೆಲ್ಡಿಂಗ್ ಹೊಡೆಸಿ ಬಂದರೆ?

ಗ್ಯಾರೇಜ್ ಅಣ್ಣ: ರೀ, ಕಾವೇರಿ ಸೇತುವೆ ದಾಟಿ ಬರಬೇಕು ನೀವು. ಆ ಲಿಂಕಿಗೆ ಇನ್ನೊಂದು ಸಲ ವೆಲ್ಡಿಂಗ್ ರಾಡು ಮುಟ್ಟಿಸಿದರೆ ಗಾಡಿ ನನ್ನ ಹತ್ತಿರ ತರಲೇಬೇಡಿ. ಲಿಂಕ್ ಬಿಚ್ಚಿ ಸೀಟಿನ ಮೇಲೆ ಇಡಿ, ಗಾಡಿಯನ್ನು ವಿಂಚಲ್ಲಿ ಎಳೆಸಿ ಲಾರಿಗೆ ಹತ್ತಿಸಿ. ಮಂಗಳವಾರ ಬೆಳಿಗ್ಗೆ ಇರುತ್ತೇನೆ.

ಪಾಂಡವಪುರ ಥಾರ್: ಸರಿ ಅಣ್ಣ. ಲಾರಿಗೆ ಹೇಳಿದೆ.

ವಿಜಯನಗರ 2ನೇ ಹಂತ: *ಡೀಸೆಲ್ ಉಳಿಸಲು 7 ಸುಲಭ ಉಪಾಯ...* 🙏

ಗ್ಯಾರೇಜ್ ಅಣ್ಣ: ಅಡ್ಮಿನ್, ನಾನು ಊಟಕ್ಕೆ ಹೊರಟೆ.

ಮೇಲುಕೋಟೆ ಜಿಪ್ಸಿ: ಅಣ್ಣ, ಗ್ರೀಸು...